ಉಡುಪಿಗೆ ಬಿದ್ದ ಆಕಾಶದ ಕಲ್ಲು

ಉಡುಪಿ ಅಂದಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕೃಷ್ಣಮಠ, ರಥಬೀದಿ, ಮಸಾಲೆದೋಸೆ, ಮಟ್ಟುಗುಳ್ಳ, ಮಲ್ಪೆಯ ಮೀನು... ಪಟ್ಟಿ ದೊಡ್ಡದಿದೆ. ಆದರೆ ಉಲ್ಕಾಶಿಲೆಗಳ ಅಧ್ಯಯನ ಮಾಡುವವರಿಗೆ ಈ ಹೆಸರಿನಲ್ಲಿ ಕಾಣುವುದು ಬೇರೆಯೇ. ಅವರ ಪ್ರಪಂಚದ ಪಟ್ಟಿಯಲ್ಲಿ ‘ಉಡಿಪಿ’ ಅಂದರೆ ಒಂದು ಕಲ್ಲು. ಸುಮಾರು ಮೂರೂವರೆ ಕಿಲೋ ತೂಕ. ಬಿದ್ದದ್ದು 1866ರ ಏಪ್ರಿಲ್ ತಿಂಗಳಲ್ಲಿ, ಆಗಿನ ದಕ್ಷಿಣ ಕೆನರಾ ಜಿಲ್ಲೆಯಲ್ಲಿ. ಬಿದ್ದದ್ದು ಎಲ್ಲಿಂದ? ಮಂಗಳ ಮತ್ತು ಗುರು ಗ್ರಹಗಳ ನಡುವಿನ ಜಾಗದಿಂದ!

ನಮ್ಮೂರಿನ ಹೆಸರು ಹೊತ್ತ ಕಲ್ಲೊಂದು ಇದೆ ಅಂತ ಉಡುಪಿಯ ಎಷ್ಟು ಜನರಿಗೆ ಗೊತ್ತು? ನಾನು ಕೇಳಿದವರಲ್ಲಂತೂ ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ಈ ಕಲ್ಲಿನ ಹಿಂದೆ ಬೀಳಲು ಕಾರಣ ನಂದಿಕೂರಿನ ಒಂದು ಸಂಜೆ. ನಂದಿಕೂರು ಗೊತ್ತಲ್ಲ? ಪಡುಬಿದ್ರಿಯಿಂದ ಕಾರ್ಕಳದ ಕಡೆ ಹೊರಟರೆ ಸಿಗುವ ಊರು. ಹೊರಗಿನವರಿಗೆ ಈ ಹೆಸರು ತಲುಪಿದ್ದು 1990ರ ದಶಕದ ಕೊಜೆಂಟ್ರಿಕ್ಸ್ ವಿದ್ಯುತ್ ಯೋಜನೆಯ ಗಲಾಟೆಯಿಂದ. ನನಗೆ ಮಾತ್ರ ಅದು ದೊಡ್ಡಮ್ಮನ ಊರು. ದೀಪಾವಳಿ ಕಳೆದು ಕೆಲವು ದಿನ ಆಗಿತ್ತು. ಕತ್ತಲಾಗಿ ಸ್ವಲ್ಪವೇ ಹೊತ್ತು. ಗದ್ದೆಯ ಹುಣಿಯ ಮೇಲೆ ನಿಂತು ಭಾವನ ಜೊತೆ ಮಾತಾಡುತ್ತಿದ್ದೆ. ನಮ್ಮಿಬ್ಬರ ನೆರಳು ಇದ್ದಕ್ಕಿದ್ದಂತೆ ನೆಲದ ಮೇಲೆ ಮೂಡಿ, ಹಾಗೇ ಸರಿಯತೊಡಗಿತು. ತಲೆಯೆತ್ತಿದರೆ ಆಗ್ನೇಯದಿಂದ ವಾಯವ್ಯಕ್ಕೆ ಒಂದು ಬೆಂಕಿಯ ಉಂಡೆ ಹೋಗುತ್ತಿದೆ. ನಡುವೆ ಬೆಳ್ಳಗೆ, ಅಂಚಿನಲ್ಲಿ ಹಸಿರು, ಹಿಂದೆ ಕಿತ್ತಳೆ ಬಣ್ಣದ ಬಾಲ. ಕೊನೆಯಲ್ಲಿ ಎರಡು ಮೂರು ಚೂರಾಗಿ, ಪಡುವಣದ ತೆಂಗಿನ ತಲೆಗಳ ಮೇಲೆ ಆರಿಹೋಯಿತು. ಹೆಚ್ಚೆಂದರೆ ಐದು ಸೆಕೆಂಡು. ಸದ್ದಿಲ್ಲ.

"ಎಂಥದಾ ಅದು?" ಎಂದು ದೊಡ್ಡಮ್ಮ ಅಂಗಳದಿಂದಲೇ ಕೂಗಿದರು. ಆಚೆಮನೆಯ ಹುಡುಗರು "ಪಡುಬಿದ್ರಿ ಕಡಲಿಗೆ ಬಿತ್ತು!" ಎಂದು ಬೈಕು ತೆಗೆದೇಬಿಟ್ಟರು. ಭಾವ ಮಾತ್ರ "ಪಟಾಕಿ ಅಲ್ಲ ಮಾರಾಯ, ವಿಮಾನ ಇರಬೇಕು" ಅಂತ ವಾದಕ್ಕೆ ನಿಂತರು. ನಾನು ಕೈ ಚಾಚಿ ಮುಷ್ಟಿ ಹಿಡಿದು ನೋಡಿದೆ. ಅದು ಆರಿದ ಜಾಗ ದಿಗಂತದಿಂದ ಒಂದು ಮುಷ್ಟಿಯಷ್ಟು ಮೇಲಿತ್ತು. ಚಾಚಿದ ಕೈಯ ಒಂದು ಮುಷ್ಟಿ ಅಂದರೆ ಸುಮಾರು ಹತ್ತು ಡಿಗ್ರಿ.

ಈ ಒಂದು ಮುಷ್ಟಿಯಿಂದ ಏನು ಲೆಕ್ಕ ಸಿಗುತ್ತದೆ ನೋಡಿ. ಉಲ್ಕೆಗಳು ವಾತಾವರಣಕ್ಕೆ ನುಗ್ಗುವುದು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ. ಸೆಕೆಂಡಿಗೆ 20 ಕಿಲೋಮೀಟರ್ ಅಂತ ಇಟ್ಟುಕೊಂಡರೂ ಮಂಗಳೂರಿನಿಂದ ಉಡುಪಿಗೆ ಮೂರು ಸೆಕೆಂಡು ಸಾಕು. ನೆಲದಿಂದ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಬೆಳಗಲು ಶುರುವಾಗುತ್ತವೆ. ನಮಗೆ ಕಾಣುವುದು ಕಲ್ಲು ಉರಿಯುವುದಲ್ಲ. ಎದುರಿನ ಗಾಳಿ ಒತ್ತಿಹೋಗಿ ವಿಪರೀತ ಕಾದು, ಕಲ್ಲಿನ ಮೈ ಕರಗಿ ಆವಿಯಾಗಿ, ಆ ಗಾಳಿ ಮತ್ತು ಆವಿ ಹೊಳೆಯುವುದು. ಕಡಲೆಕಾಳಿಗಿಂತ ಚಿಕ್ಕವು ಮೇಲೆಯೇ ಮುಗಿದುಹೋಗುತ್ತವೆ. ದೊಡ್ಡವು ಕೆಳಗಿಳಿದು, 20-30 ಕಿಲೋಮೀಟರ್ ಎತ್ತರದ ಹೊತ್ತಿಗೆ ವೇಗವೆಲ್ಲ ಕಳೆದುಕೊಂಡು ಆರುತ್ತವೆ. ಉಳಿದ ಕಲ್ಲು ಅಲ್ಲಿಂದ ಕೆಳಕ್ಕೆ ಕತ್ತಲಲ್ಲೇ ಬೀಳುತ್ತದೆ.

ಅಂದರೆ ನಂದಿಕೂರಿನ ಬೆಂಕಿಯುಂಡೆ 30 ಕಿಲೋಮೀಟರ್ ಎತ್ತರದಲ್ಲಿ ಆರಿತು ಅಂದುಕೊಂಡರೂ, ದಿಗಂತದಿಂದ ಹತ್ತು ಡಿಗ್ರಿ ಮೇಲೆ ಕಂಡಿದ್ದರಿಂದ, ಅದು ನಮ್ಮಿಂದ ಸುಮಾರು 170 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಟ್ಟನಡುವೆ ಇತ್ತು. ಪಡುಬಿದ್ರಿಯ ಕಡಲಂಚು ನಂದಿಕೂರಿನಿಂದ ಐದಾರು ಕಿಲೋಮೀಟರ್ ಅಷ್ಟೆ. ಸದ್ದು ಬರುವುದಿದ್ದರೂ ಅಷ್ಟು ದೂರದಿಂದ ಎಂಟು ನಿಮಿಷ ಬೇಕು, ಬಂದರೂ ಕಿವಿಗೆ ಕೇಳುವಷ್ಟು ಉಳಿಯುವುದು ಅನುಮಾನ. ಬೈಕಿನಲ್ಲಿ ಹೋದ ಹುಡುಗರು ಖಾಲಿ ಕೈಯಲ್ಲಿ ವಾಪಸು ಬಂದರು ಅಂತ ಬೇರೆ ಹೇಳಬೇಕಿಲ್ಲವಲ್ಲ :)

ಉಲ್ಕೆ ಕಂಡವರಿಗೆಲ್ಲ ಅದು ಪಕ್ಕದ ಗುಡ್ಡದ ಹಿಂದೆಯೇ ಬಿತ್ತು ಅನ್ನಿಸುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿಗೆ ದೂರ ಅಳೆಯಲು ಆಧಾರವೇ ಇರುವುದಿಲ್ಲ, ಅದಕ್ಕೇ. ಆದರೆ 1866ರ ಏಪ್ರಿಲ್‌ನಲ್ಲಿ ಕಲ್ಲು ನಿಜಕ್ಕೂ ನಮ್ಮ ಸೀಮೆಯ ನೆಲಕ್ಕೇ ಬಿತ್ತು, ಯಾರದೋ ಕೈಗೂ ಸಿಕ್ಕಿತು. ಅದು ಎಷ್ಟು ಅಪರೂಪದ ಸಂಗತಿ ಅನ್ನುವುದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಆಕಾಶದಿಂದ ಬೆಂಕಿ ಬೀಳುವುದನ್ನು ನಮ್ಮವರು ಗಮನಿಸಿರಲಿಲ್ಲ ಅಂತಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡುತ್ತಾನೆ. ಇದರಲ್ಲಿ ಅಶನಿ ಅಂದರೆ ಭಾರೀ ಸದ್ದಿನೊಂದಿಗೆ ಚಕ್ರದಂತೆ ತಿರುಗುತ್ತ ಮನುಷ್ಯರ ಮೇಲೆ, ಪ್ರಾಣಿಗಳ ಮೇಲೆ, ಮನೆ ಮರಗಳ ಮೇಲೆ ಬೀಳುವಂಥದ್ದು. ಸ್ವರ್ಗದಲ್ಲಿ ಪುಣ್ಯದ ಫಲ ಉಂಡು ಮುಗಿಸಿದವರು ಕೆಳಗೆ ಬೀಳುವ ರೂಪವೇ ಉಲ್ಕೆ ಎನ್ನುವ ಕಲ್ಪನೆಯೂ ಅಲ್ಲೇ ಬರುತ್ತದೆ. ಕಾರಣ ಏನೇ ಇರಲಿ, ಬಗೆಗಳನ್ನು ಬೇರೆ ಮಾಡಿದ ಕಣ್ಣು ಚುರುಕಾದದ್ದು.

ಇಲ್ಲಿ ನನಗೊಂದು ವಿಚಾರ ಹೊಳೆಯುತ್ತದೆ. ನಮ್ಮ ಕನ್ನಡ ಶಾಸನಗಳಲ್ಲಿ ಆಕಾಶಕ್ಕೆ ಕೊರತೆಯಿಲ್ಲ. ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಾಂತಿ ಅಂತ ತಿಥಿ ವಾರ ಸಮೇತ ಕೆತ್ತಿದ ದಾನಶಾಸನಗಳು ಬೇಕಾದಷ್ಟಿವೆ. ಆ ತಾರೀಕುಗಳನ್ನು ಇವತ್ತು ಕಂಪ್ಯೂಟರಿನಲ್ಲಿ ತಾಳೆ ನೋಡಲೂಬಹುದು. ಗ್ರಹಣ ಪಂಚಾಂಗದಲ್ಲಿ ಮೊದಲೇ ಗೊತ್ತಾಗುತ್ತದೆ. ದಾನ ಕೊಡುವವರು, ತೆಗೆದುಕೊಳ್ಳುವವರು, ಬರೆಯುವವರು ಎಲ್ಲರೂ ಸಿದ್ಧರಾಗಿರುತ್ತಾರೆ. ಉಲ್ಕೆ ಹಾಗಲ್ಲ. ಹೇಳದೆ ಬರುತ್ತದೆ, ಐದು ಸೆಕೆಂಡಿನಲ್ಲಿ ಹೋಗುತ್ತದೆ. ಅದರ ಹೆಸರಿನಲ್ಲಿ ಗದ್ದೆ ದಾನ ಕೊಡುವುದು ಹೇಗೆ? ಲೆಕ್ಕಕ್ಕೆ ಸಿಗುವುದು ಕಲ್ಲಿನ ಮೇಲೆ ಕೂತಿತು, ಲೆಕ್ಕಕ್ಕೆ ಸಿಗದ್ದು ಅಜ್ಜಿಯ ಬಾಯಲ್ಲಿ ಉಳಿಯಿತು. ಅಜ್ಜಿ ಹೋದಮೇಲೆ ಅದೂ ಹೋಯಿತು.

ಹೀಗಿದ್ದೂ ಒಂದು ದಾಖಲೆ ತಾರೀಕಿನ ಸಮೇತ ಉಳಿಯಿತು, ಯಾಕೆಂದರೆ ನೋಡಿದ ಸುದ್ದಿ ಬಾದಶಹನವರೆಗೆ ಹೋಯಿತು. 1621ರ ಏಪ್ರಿಲ್ 10ರಂದು ಪಂಜಾಬಿನ ಜಲಂಧರದ ಬಳಿ ಕಬ್ಬಿಣದ ಉಲ್ಕೆಯೊಂದು ಬಿತ್ತು. ಅದನ್ನು ಅಗೆಸಿ ತರಿಸಿದ ಜಹಾಂಗೀರ್, ಮೂರು ಪಾಲು ಆ ಕಬ್ಬಿಣಕ್ಕೆ ಒಂದು ಪಾಲು ಸಾಮಾನ್ಯ ಕಬ್ಬಿಣ ಸೇರಿಸಿ ಎರಡು ಕತ್ತಿ, ಒಂದು ಚೂರಿ, ಒಂದು ಕಠಾರಿ ಮಾಡಿಸಿದ. ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದೂ ಇಟ್ಟ.

ಯುರೋಪಿನ ಪಂಡಿತರು ಆಗಿನ್ನೂ ಕಲ್ಲು ಆಕಾಶದಿಂದ ಬೀಳುತ್ತದೆ ಎಂದರೆ ನಗುವ ಸ್ಥಿತಿಯಲ್ಲಿದ್ದರು. ಅದು ಹಳ್ಳಿಯವರ ಭ್ರಮೆ ಅನ್ನುವುದು ಅವರ ತೀರ್ಮಾನ. ಜರ್ಮನಿಯ ಕ್ಲಾಡ್ನಿ 1794ರಲ್ಲಿ ಪುಸ್ತಕ ಬರೆದು, ಇವು ಭೂಮಿಯ ಹೊರಗಿನಿಂದ ಬಂದವು ಎಂದಾಗಲೂ ಹೆಚ್ಚಿನವರು ಒಪ್ಪಲಿಲ್ಲ. ಅವರ ಮನಸ್ಸು ತಿರುಗಿಸಿದ ಕಲ್ಲುಗಳಲ್ಲಿ ಒಂದು ನಮ್ಮ ದೇಶದ್ದು! 1798ರ ಡಿಸೆಂಬರ್ 19ರ ರಾತ್ರಿ ಎಂಟರ ಸುಮಾರಿಗೆ ಬನಾರಸ್ಸಿನ ಆಕಾಶದಲ್ಲಿ ದೊಡ್ಡ ಬೆಂಕಿಯುಂಡೆ ಕಂಡಿತು, ಗುಡುಗಿನಂಥ ಸದ್ದಾಯಿತು, ಕ್ರಾಖುತ್ ಎಂಬ ಹಳ್ಳಿಯ ಸುತ್ತ ಕಲ್ಲುಗಳು ಬಿದ್ದವು. ಒಂದು ಕಲ್ಲು ಕಾವಲುಗಾರನ ಗುಡಿಸಲಿನ ಮಾಡು ತೂರಿಕೊಂಡು ನೆಲದಲ್ಲಿ ಹೂತಿತು. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬವನು ಹಳ್ಳಿಯವರನ್ನು ವಿಚಾರಿಸಿ ವಿವರ ಬರೆದ. ಕಲ್ಲುಗಳು ಲಂಡನ್ನಿಗೆ ಹೋದವು. 1802ರಲ್ಲಿ ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನಶಾಸ್ತ್ರಜ್ಞ ಬನಾರಸ್ಸಿನದೂ ಸೇರಿ ಬೇರೆ ಬೇರೆ ದೇಶದ ಕಲ್ಲುಗಳನ್ನು ಒಡೆದು ಪರೀಕ್ಷಿಸಿದಾಗ ಎಲ್ಲದರ ಕಬ್ಬಿಣದಲ್ಲೂ ನಿಕ್ಕಲ್ ಸಿಕ್ಕಿತು. ದೂರದೂರದ ಊರುಗಳಲ್ಲಿ ಬಿದ್ದ ಕಲ್ಲುಗಳೆಲ್ಲ ಒಂದೇ ಥರ ಇರಬೇಕಾದರೆ? ಮರುವರ್ಷ, 1803ರ ಏಪ್ರಿಲ್ 26ರಂದು, ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಸಾವಿರಾರು ಕಲ್ಲು ಸುರಿದವು. ವಿಜ್ಞಾನಿ ಬಯೋ ಅಲ್ಲಿಗೆ ಹೋಗಿ ತನಿಖೆ ನಡೆಸಿ ವರದಿ ಕೊಟ್ಟಮೇಲೆ ವಾದ ಮುಗಿಯಿತು.

ಅಂದರೆ ಕ್ರಾಖುತ್‌ನ ಕಾವಲುಗಾರ ಹೇಳಿದ ಮಾತು ಪಂಡಿತರ ಮಾತಿಗಿಂತ ಸರಿಯಾಗಿತ್ತು! ಯಾರೋ ಅವನನ್ನು ಕೇಳಿ ಬರೆದುಕೊಂಡರು, ಅಷ್ಟೇ ವ್ಯತ್ಯಾಸ.

ಇನ್ನು ಕರ್ನಾಟಕಕ್ಕೆ ಬರೋಣ. 1848ರ ಫೆಬ್ರವರಿ 15ರಂದು ನೆಗಳೂರಿನಲ್ಲಿ ಕಲ್ಲು ಬಿತ್ತು. ವರದಾ ನದಿ ತುಂಗಭದ್ರೆಯನ್ನು ಸೇರುವ ಸೀಮೆ ಅದು, ಈಗ ಹಾವೇರಿ ಜಿಲ್ಲೆ. ಆಗ ಧಾರವಾಡ ಜಿಲ್ಲೆಯಾಗಿದ್ದರಿಂದ ಪಟ್ಟಿಯಲ್ಲಿ ಅದರ ಹೆಸರು ‘ಧಾರ್ವಾರ್’. 1865ರ ಸೆಪ್ಟೆಂಬರ್ 21ರಂದು ಮದ್ದೂರಿನಲ್ಲಿ ನಾಲ್ಕೂಕಾಲು ಕಿಲೋ ಮೀರಿದ ಕಲ್ಲು ಬಿತ್ತು, ಅದು ‘ಮುದ್ದೂರ್’. ಮದ್ದೂರು ವಡೆಯಷ್ಟು ಹೆಸರು ಪಾಪ ಅದಕ್ಕೆ ಬರಲಿಲ್ಲ. ಏಳು ತಿಂಗಳು ಕಳೆದು ನಮ್ಮ ‘ಉಡಿಪಿ’. ಆಮೇಲೆ 1902ರ ನವೆಂಬರಿನಲ್ಲಿ ಶಿವಮೊಗ್ಗದ ಕಡೆ ‘ಕಾಮ್‌ಸಾಗರ್’. ಗಡಿಯಾಚೆ, ಹೊಸೂರಿನ ಹತ್ತಿರದ ಶೂಲಗಿರಿ ಸುತ್ತಮುತ್ತ 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಬಿದ್ದದ್ದು ಒಟ್ಟು ನೂರು ಕಿಲೋ ದಾಟುತ್ತದೆ. ಹಗಲಾಗಿದ್ದರಿಂದ ಅಲ್ಲಿ ಹೊಲದಲ್ಲಿದ್ದ ಜನರೇ ಸಾಕ್ಷಿ.

ಉಲ್ಕಾಶಿಲೆಗೆ ಬಿದ್ದ ಜಾಗದ ಹತ್ತಿರದ ಊರಿನ ಹೆಸರನ್ನೇ ಇಡುವುದು ಪದ್ಧತಿ. ಇಟ್ಟ ಹೆಸರನ್ನು ಆಮೇಲೆ ಬದಲಾಯಿಸುವುದಿಲ್ಲ. ಬ್ರಿಟಿಷರ ಕಾಲದ ಬೋರ್ಡುಗಳೆಲ್ಲ ಬದಲಾಗಿ ‘ಉಡಿಪಿ’ ಹೋಗಿ ‘ಉಡುಪಿ’ ಆಯಿತು, ಧಾರ್ವಾರ್ ಹೋಗಿ ಧಾರವಾಡ ಆಯಿತು. ಕಲ್ಲುಗಳ ಪಟ್ಟಿಯಲ್ಲಿ ಮಾತ್ರ ಆ ಹಳೆಯ ಉಚ್ಚಾರಗಳು ಹಾಗೇ ಕೂತಿವೆ.

1865-66 ಒಂದು ವಿಶೇಷ ಕಾಲ. ಮದ್ದೂರಿನ ಕಲ್ಲಿಗೆ ಒಂದು ತಿಂಗಳು ಮೊದಲು, 1865ರ ಆಗಸ್ಟ್ 25ರಂದು, ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದು ಅಂತ ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಗೊತ್ತಾಯಿತು. ಮಂಗಳನಿಂದ ಬಂದ ಆ ಬಗೆಯ ಕಲ್ಲುಗಳಿಗೆ ಇಂದು ಜಗತ್ತಿನಾದ್ಯಂತ ಆ ಊರಿನ ಹೆಸರೇ. ಇನ್ನು 1866ರಲ್ಲಿ ಇಟಲಿಯ ಶಿಯಾಪರೆಲ್ಲಿ, ವರ್ಷವರ್ಷ ಬರುವ ಉಲ್ಕಾವರ್ಷಗಳು ಧೂಮಕೇತುಗಳು ಬಿಟ್ಟುಹೋದ ಧೂಳು ಎಂದು ತೋರಿಸಿಕೊಟ್ಟ. ಅದೇ ನವೆಂಬರಿನಲ್ಲಿ ಯುರೋಪಿನವರು ಸಿಂಹರಾಶಿಯ ಕಡೆಯಿಂದ ಸುರಿದ ಉಲ್ಕೆಗಳ ಮಳೆ ನೋಡಿದರು. ಆದರೆ ಧೂಮಕೇತುವಿನ ಧೂಳು ನೆಲ ಮುಟ್ಟುವುದಿಲ್ಲ, ಮೇಲೆಯೇ ಮುಗಿಯುತ್ತದೆ. ಉಡುಪಿಯ ಕಲ್ಲಿನಂಥವು ಬರುವುದು ಕ್ಷುದ್ರಗ್ರಹಗಳಿಂದ.

ನಮ್ಮ ಕಲ್ಲಿನ ಜಾತಿಗೆ ಎಚ್5 ಕಾಂಡ್ರೈಟ್ ಅಂತ ಹೆಸರು. ‘ಎಚ್’ ಅಂದರೆ ಕಬ್ಬಿಣ ಹೆಚ್ಚಿರುವ ಗುಂಪು. ತೂಕದ ಕಾಲು ಭಾಗಕ್ಕಿಂತ ಹೆಚ್ಚು ಕಬ್ಬಿಣ. ಅದರಲ್ಲಿ ಬಹುಪಾಲು ಲೋಹವಾಗಿಯೇ ಇರುವುದರಿಂದ ಆಯಸ್ಕಾಂತ ಅಂಟುತ್ತದೆ. ‘5’ ಅಂದರೆ ಹುಟ್ಟಿದ ಮೇಲೆ ಒಳ್ಳೆಯ ಬಿಸಿಯಲ್ಲಿ ಬೆಂದದ್ದು, ಆದರೆ ಕರಗದೆ ಉಳಿದದ್ದು. ಇಂಥ ಕಲ್ಲಿನ ವಯಸ್ಸು ಸುಮಾರು 450 ಕೋಟಿ ವರ್ಷ, ಹೆಚ್ಚುಕಡಿಮೆ ಭೂಮಿಯ ವಯಸ್ಸೇ. 2024ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಎಚ್ ಗುಂಪಿನ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾರಿನ್ ಮತ್ತು ಕೊರೋನಿಸ್ ಎಂಬ ಕ್ಷುದ್ರಗ್ರಹ ಕುಟುಂಬಗಳಿಂದ ಬರುತ್ತವೆ. ಕ್ಯಾರಿನ್ ಕುಟುಂಬ ಹುಟ್ಟಿದ್ದು ಸುಮಾರು 58 ಲಕ್ಷ ವರ್ಷಗಳ ಹಿಂದಿನ ಒಂದು ಡಿಕ್ಕಿಯಲ್ಲಿ. ಅಂಥದೊಂದು ಡಿಕ್ಕಿಯ ಚೂರು ಲಕ್ಷಾಂತರ ವರ್ಷ ಸೂರ್ಯನ ಸುತ್ತ ಅಲೆದಲೆದು ಕೊನೆಗೆ ನಮ್ಮ ತುಳುನಾಡಿಗೆ ಬರುವುದೆಂದರೆ! ಮೂರೂವರೆ ಕಿಲೋ ಅಂದರೆ ಗಾತ್ರದಲ್ಲಿ ಒಂದು ಸುಲಿದ ತೆಂಗಿನಕಾಯಿಯಷ್ಟು. ಎತ್ತಿದರೆ ಮಾತ್ರ ಕೈ ಜಗ್ಗುತ್ತದೆ.

ಈಗ ನನ್ನನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ನೆಗಳೂರಿನ ಕಲ್ಲಿಗೆ ತಾರೀಕಿದೆ. ಮದ್ದೂರಿನದಕ್ಕೆ ಇದೆ. ಬನಾರಸ್ಸಿನದಕ್ಕೆ ಗಂಟೆಯೂ ಇದೆ, ಕಾವಲುಗಾರನ ಗುಡಿಸಲೂ ಇದೆ. ಉಡುಪಿಯ ಕಲ್ಲಿಗೆ ಇರುವುದು ‘1866, ಏಪ್ರಿಲ್’ ಅಷ್ಟೇ. ದಿನವಿಲ್ಲ. ನೋಡಿದವರ ಹೆಸರಿಲ್ಲ. ಅದು ಬಿದ್ದದ್ದು ಸುಗ್ಗಿ ತಿಂಗಳಲ್ಲೋ, ವಿಷು ಕಳೆದು ಪಗ್ಗು ತಿಂಗಳಲ್ಲೋ? ಬಿದ್ದಾಗ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವರು ಬೆಚ್ಚಿ ಓಡಿದರೋ? ಕೋಲ ನೋಡಲು ಹೊರಟವರ ತಲೆಯ ಮೇಲೆ ಬೆಳಕು ಹರಿಯಿತೋ? "ಅವು ದಾನೆ?" ಅಂತ ಮೊದಲು ತುಳುವಿನಲ್ಲಿ ಕೂಗಿದವರು ಯಾರು?

ಲೆಕ್ಕಕ್ಕೆ ಸಿಗುವುದನ್ನೆಲ್ಲ ನಾನು ಲೆಕ್ಕ ಹಾಕಿದೆ. ಶಾಲಿವಾಹನ ಶಕ 1788, ಚಾಂದ್ರಮಾನದ ಪ್ರಕಾರ ಕ್ಷಯ ಸಂವತ್ಸರ. ಉಡುಪಿಯ ಪರ್ಯಾಯ ಎರಡೆರಡು ವರ್ಷಕ್ಕೆ, ಎಂಟು ಮಠಗಳಿಗೆ ಹದಿನಾರು ವರ್ಷದ ಸುತ್ತು. 2010ರಲ್ಲಿ ಶೀರೂರು ಮಠದ ಸರದಿ. ಅಲ್ಲಿಂದ ಒಂಬತ್ತು ಸುತ್ತು ಹಿಂದಕ್ಕೆ ಹೋದರೆ ಸರಿಯಾಗಿ 1866. ಅಂದರೆ ಕಲ್ಲು ಬಿದ್ದಾಗ ಶೀರೂರು ಪರ್ಯಾಯ ಶುರುವಾಗಿ ಮೂರು ತಿಂಗಳು. ಕೆನರಾ ಎರಡು ಜಿಲ್ಲೆಯಾಗಿ, ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗಿ ನಾಲ್ಕು ವರ್ಷ. ನಾವು ಮದ್ರಾಸಿನ ಪಾಲು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಿಂದಲೇ ಕೆಲಸ ಮಾಡುತ್ತಿತ್ತು. ಅಕ್ಷರ ಇತ್ತು, ಅಚ್ಚಿನ ಮೊಳೆ ಇತ್ತು, ಕಚೇರಿ ಇತ್ತು, ಪಂಚಾಂಗ ಇತ್ತು. ಹೀಗೆ ಸುತ್ತಲಿನದೆಲ್ಲ ಸಿಗುತ್ತದೆ, ಆ ದಿನ ಮಾತ್ರ ಸಿಗುವುದಿಲ್ಲ.

ದಿನ ಯಾಕೆ ಬೇಕು ಅಂತ ನೀವು ಕೇಳಬಹುದು. ದಿನ, ಗಂಟೆ, ದಿಕ್ಕು ಈ ಮೂರೂ ಇದ್ದರೆ ಕಲ್ಲು ಯಾವ ದಾರಿಯಲ್ಲಿ ಬಂತು ಅಂತ ಅಂದಾಜು ಮಾಡಬಹುದು. ಎರಡು ಮೂರು ಊರಿನ ಸರಿಯಾದ ಸಾಕ್ಷಿ ಇದ್ದರೆ ಕಲ್ಲು ಬಿದ್ದ ಜಾಗವನ್ನೂ ಹುಡುಕಬಹುದು. ಕಲ್ಲು ಪ್ರಯೋಗಾಲಯದಲ್ಲಿ ತನ್ನ ವಯಸ್ಸು ಹೇಳುತ್ತದೆ, ತವರು ಹೇಳುತ್ತದೆ. ಬಿದ್ದ ಕ್ಷಣವನ್ನು ಅದು ಹೇಳಲಾರದು. ಅದನ್ನು ಹೇಳಬೇಕಾದವರು ನಾವು.

ಇವತ್ತು ಸಾಕ್ಷಿ ಹೇಳುವವರು ಹೆಚ್ಚಾಗಿದ್ದಾರೆಯೇ? ಒಂದು ರೀತಿಯಲ್ಲಿ ಹೌದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಉಲ್ಕೆಯ ದಾರಿಯನ್ನು ಕಾರುಗಳ ಮತ್ತು ಬೀದಿಯ ಕ್ಯಾಮೆರಾಗಳ ಚಿತ್ರಗಳಿಂದಲೇ ಕಂಡುಹಿಡಿದರು. ನಮ್ಮಲ್ಲೂ ಈಗ ಅಂಗಡಿಗೊಂದು ಸಿಸಿಟಿವಿ ಇದೆ. ಆದರೆ ಅವೆಲ್ಲ ನೆಲ ನೋಡುತ್ತವೆ, ಆಕಾಶ ನೋಡುವುದಿಲ್ಲ. ಹೆದ್ದಾರಿಯ, ಅಂಗಡಿಗಳ ಬೆಳಕಿನಲ್ಲಿ ನಾವೂ ಆಕಾಶ ನೋಡುವುದನ್ನು ಬಿಟ್ಟಿದ್ದೇವೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದಂಥವು ಮಕ್ಕಳಿಗೆ ನಕ್ಷತ್ರ ತೋರಿಸುವ ಕೆಲಸ ಮಾಡಿರುವುದು ಸಣ್ಣ ಮಾತಲ್ಲ.

ಹಾಗಾಗಿ ಸ್ನೇಹಿತರೇ, ನಿಮಗೂ ಒಂದು ಸಂಜೆ ಇಂಥದ್ದು ಕಂಡರೆ ಮೊದಲು ಗಡಿಯಾರ ನೋಡಿ. ಎಲ್ಲಿ ನಿಂತಿದ್ದೀರಿ ಅಂತ ಗುರುತು ಮಾಡಿಕೊಳ್ಳಿ. ಎಲ್ಲಿ ಶುರುವಾಯಿತು, ಎಲ್ಲಿ ಆರಿತು ಅನ್ನುವುದನ್ನು ಮರದ ತುದಿಗೋ ಮಾಡಿನ ಅಂಚಿಗೋ ಹೋಲಿಸಿ, ಮುಷ್ಟಿಯಿಂದ ಅಳೆದುಕೊಳ್ಳಿ. ಎಷ್ಟು ಸೆಕೆಂಡು ಇತ್ತು? ನಿಧಾನವಾಗಿ ಅರ್ಧ ನಿಮಿಷ, ಒಂದು ನಿಮಿಷ ಹರಿದುಹೋದರೆ ಅದು ಉಲ್ಕೆಯಲ್ಲ, ರಾಕೆಟ್ಟಿನ ಅವಶೇಷ ಇರಬಹುದು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಗುಜರಾತಿನವರು ಕಂಡದ್ದು ಅಂಥದ್ದೇ, ಚೀನಾದ ರಾಕೆಟ್ಟಿನ ಚೂರುಗಳು ಚಂದ್ರಾಪುರದ ಹಳ್ಳಿಗಳಲ್ಲಿ ಸಿಕ್ಕಿದವು. ಹತ್ತು ನಿಮಿಷ ಸದ್ದಿಗಾಗಿ ಕಾಯಿರಿ. ಆಮೇಲೆ ಬರೆದಿಡಿ, ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ಜಾಲತಾಣದಲ್ಲಿ ಅದಕ್ಕೊಂದು ಅರ್ಜಿಯೇ ಇದೆ. ಕಪ್ಪು ಸಿಪ್ಪೆಯ, ಭಾರದ ಕಲ್ಲು ಸಿಕ್ಕಿದರೆ ತೊಳೆಯಬೇಡಿ, ಒಡೆಯಬೇಡಿ, ದೇವರ ಕಟ್ಟೆಯಲ್ಲಿಟ್ಟು ಎಣ್ಣೆ ಹಚ್ಚಲೂ ಬೇಡಿ. ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು, ಅವರಿಗೆ ತಿಳಿಸಿ.

ಕೊನೆಗೊಂದು ಬೇಡಿಕೆ. ಕಾಪು, ಬ್ರಹ್ಮಾವರ, ಕಾರ್ಕಳ, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ಕಡತ, ತಾಳೆಗರಿ, ಲೆಕ್ಕದ ಪುಸ್ತಕ ಇನ್ನೂ ಉಳಿದಿದ್ದರೆ, ಕ್ಷಯ ಸಂವತ್ಸರದ ಆ ವಸಂತದ ಪುಟವನ್ನೊಮ್ಮೆ ತೆರೆದು ನೋಡಿ. ಅಕ್ಕಿ ಮುಡಿಯ ಲೆಕ್ಕದ ಪಕ್ಕದಲ್ಲಿ "ಈ ದಿನ ಆಕಾಶದಿಂದ ಕಲ್ಲು ಬಿತ್ತು" ಅಂತ ಯಾರಾದರೂ ಒಂದು ಸಾಲು ಗೀಚಿದ್ದರೆ, 150 ವರ್ಷ ದಾಟಿದ ಒಂದು ಖಾಲಿ ಜಾಗ ತುಂಬುತ್ತದೆ. ಸಿಕ್ಕರೆ ನನಗೂ ತಿಳಿಸುತ್ತೀರಲ್ಲ?